ಉತ್ತರ ಬರೆದಿಲ್ಲದ ಪ್ರಶ್ನೆ

ಗೋಕಾಕದ ಜಲಪಾತವನ್ನು ಕಾಣದವರು ಬೆಳಗಾವಿ ಜಿಲ್ಲೆಯಲ್ಲಿ ವಿರಳ. ಘಟಪ್ರಭೆ ಅಲ್ಲಿ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತಾಳೆ. ನೋಡಿದವರು ‘ಆಹಾ’ ಎನ್ನುತ್ತಾರೆ. ಕರದಂಟು ಕಟ್ಟಿಸಿಕೊಂಡು ಮನೆಯ ದಾರಿ ಹಿಡಿಯುತ್ತಾರೆ. ‘ಈ ನೀರಿನ ಬಲವೆಷ್ಟು?’ ಎಂದು ಕೇಳಿದವರೂ ಹಿಂದೆ ಇದ್ದರು. ಅದರ ಫಲವಾಗಿ 1887ರ ಹೊತ್ತಿಗೆ ಅದೇ ನೀರು ನೂಲಿನ ಗಿರಣಿಯನ್ನು ನಡೆಸತೊಡಗಿತು. ನೋಡಿ ಸುಮ್ಮನಾಗುವುದಕ್ಕೂ ನೋಡಿ ಕೇಳುವುದಕ್ಕೂ ಅಂತರ ಇಷ್ಟಿದೆ.

ಗೋಕಾಕ, ಹುಕ್ಕೇರಿ, ಈಗ ಪ್ರತ್ಯೇಕ ತಾಲೂಕಾಗಿರುವ ಮೂಡಲಗಿ, ಈ ಊರುಗಳ ಎಷ್ಟೋ ಮಕ್ಕಳು ಇಂದು ಬಿ.ಎಸ್‌ಸಿ. ಓದುತ್ತಿದ್ದಾರೆ. ಪ್ರಯೋಗಶಾಲೆಗೂ ಹೋಗುತ್ತಾರೆ. ಆದರೆ ಅಲ್ಲಿ ನಡೆಯುವುದೇನು? ಲೋಲಕವನ್ನು ತೂಗಿಬಿಟ್ಟರೆ ಗುರುತ್ವದ ಲೆಕ್ಕ 980ರ ಸಮೀಪ ಬರಬೇಕೆಂದು ಪುಸ್ತಕ ಮೊದಲೇ ಹೇಳಿರುತ್ತದೆ. ಬಂದದ್ದು 940. ರೆಕಾರ್ಡ್ ಪುಸ್ತಕವನ್ನು ಸೇರುವ ವೇಳೆಗೆ ಅದು ಹೇಗೋ 978 ಆಗಿರುತ್ತದೆ! ಉತ್ತರದಿಂದ ಲೆಕ್ಕಕ್ಕೆ ಹಿಮ್ಮುಖವಾಗಿ ನಡೆಯುವ ಈ ಜಾಣತನಕ್ಕೆ ಅಂಕಗಳು ದೊರೆಯಬಹುದು, ವಿಜ್ಞಾನ ದೊರೆಯಲಾರದು. ಆ 940 ಏಕೆ ಬಂದಿತೆಂದು ಹುಡುಕುವುದೇ ನಿಜವಾದ ಪಾಠವಾಗಿದ್ದಿತು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಓದುತ್ತಿದ್ದ ಒಬ್ಬ ಹುಡುಗ ಸಾಮಾನ್ಯವಾದ ಸ್ಪೆಕ್ಟ್ರೋಮೀಟರಿನಿಂದ ಪಟ್ಟಕದ ಕೋನವನ್ನು ಅಳೆಯುತ್ತಿದ್ದಾಗ, ಪಾಠದಲ್ಲಿಲ್ಲದ ಬೆಳಕಿನ ಪಟ್ಟೆಗಳನ್ನು ಕಂಡನು. ಅವನ್ನು ಕಡೆಗಣಿಸದೆ ಬೆನ್ನು ಹತ್ತಿದನು. 1906ರ ನವೆಂಬರಿನಲ್ಲಿ ಆತನ ಲೇಖನ ಇಂಗ್ಲೆಂಡಿನ ‘ಫಿಲಸಾಫಿಕಲ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಆಗ ಸಿ. ವಿ. ರಾಮನ್ನರಿಗೆ ಹದಿನೆಂಟು ವರ್ಷ. ಅಂತಹ ಉಪಕರಣ ನಮ್ಮ ಜಿಲ್ಲೆಯ ಕಾಲೇಜುಗಳ ಕಪಾಟಿನಲ್ಲಿಯೂ ಉಂಟು.

2021ರಲ್ಲಿ ನಮ್ಮ ರಾಜ್ಯಕ್ಕೆ ಬಂದ ನಾಲ್ಕು ವರ್ಷಗಳ ಆನರ್ಸ್ ಪದವಿಯಲ್ಲಿ ಕೊನೆಯ ವರ್ಷ ಸಂಶೋಧನೆಗೆ ಅವಕಾಶವಿದ್ದಿತು. 2024ರಲ್ಲಿ ರಾಜ್ಯವು ಮೂರು ವರ್ಷಗಳ ಪದವಿಗೇ ಮರಳಿತು. ಹೀಗಾಗಿ ಬೇಸಿಗೆಯ ರಜೆಯ ಬೆಲೆ ಈಗ ಹೆಚ್ಚಿದೆ. 1934ರಲ್ಲಿ ರಾಮನ್ನರೇ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗದ ಎರಡು ಅಕಾಡೆಮಿಗಳೊಡನೆ ಕೂಡಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ಪನ್ನು ನಡೆಸಿಕೊಂಡು ಬಂದಿದೆ. ಆಯ್ಕೆಯಾದ ವಿದ್ಯಾರ್ಥಿ ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ದುಡಿಯುತ್ತಾನೆ, ಭತ್ಯವೂ ದೊರೆಯುತ್ತದೆ. ಅಧ್ಯಾಪಕರಿಗೂ ಈ ಬಾಗಿಲು ತೆರೆದಿದೆ.

‘ಹುಡುಗನಾದರೆ ಸರಿ, ಮಗಳನ್ನು ಎರಡು ತಿಂಗಳು ದೂರದೂರಿಗೆ ಕಳಿಸುವುದು ಹೇಗೆ?’ ಎಂದು ತಾಯಂದಿರು ಕೇಳಬಹುದು. ಚಿಂತೆ ಸಹಜವಾದುದು, ವಸತಿಯ ಏರ್ಪಾಡನ್ನು ವಿಚಾರಿಸಿಯೇ ಕಳಿಸಬೇಕು. ಆದರೆ ಇದೊಂದನ್ನು ನೆನೆಯಿರಿ. 1933ರಲ್ಲಿ ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಭಾಗವತರನ್ನು, ಹೆಣ್ಣೆಂಬ ಕಾರಣದಿಂದ, ರಾಮನ್ನರೇ ಬೇಡವೆಂದರು. ದೊಡ್ಡವರೂ ತಪ್ಪುವುದುಂಟು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷದ ಪರೀಕ್ಷಾವಧಿಯ ಷರತ್ತಿಗೆ ಒಪ್ಪಿ ಒಳಹೊಕ್ಕು, 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೊಹೊನಿ ಎಂದು ನಾಡಿಗೆ ಪರಿಚಿತರಾದವರು ಇವರೇ.

ಎಲ್ಲರೂ ಆಯ್ಕೆಯಾಗಲಾರರು. ಅಂಥವರಿಗೆ ಊರೇ ಪ್ರಯೋಗಶಾಲೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಬರುವ ಘಟಪ್ರಭೆಯ ನೀರು ಕಾಲುವೆಗಳ ಮೂಲಕ ಕಬ್ಬಿನ ಗದ್ದೆಗಳನ್ನು ತಣಿಸುತ್ತದೆ. ನೀರು ಮಿತಿಮೀರಿ, ಬಸಿದು ಹೋಗದೆ ನಿಂತಲ್ಲಿ ನೆಲ ಸವಳಾಗುವುದನ್ನು ರೈತರು ಬಲ್ಲರು. ಕಾಲುವೆಯ ಬದಿಯ ಬಾವಿ, ಒಂದು ಮೈಲಿಯಾಚೆಯ ಬಾವಿ, ಎರಡು ಮೈಲಿಯಾಚೆಯ ಬಾವಿ: ಪ್ರತಿ ತಿಂಗಳು ಇವುಗಳ ನೀರನ್ನು ತಂದು, ವಿದ್ಯುದ್ವಾಹಕತೆಯನ್ನು ಮೂರು ಮೂರು ಬಾರಿ ಅಳೆದು, ಬ್ಯುರೆಟ್ಟಿನಿಂದ ಕ್ಲೋರೈಡಿನ ಅಂಶವನ್ನು ಕಂಡುಹಿಡಿದು ಬರೆದಿಡಲಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಆಗ ಕೈಗೆ ಬರುವ ಉತ್ತರ ಯಾವ ಗೈಡಿನಲ್ಲಿಯೂ ಇರುವುದಿಲ್ಲ. ಅದು ಆ ನೆಲದ ಒಡೆಯನಿಗೂ ಬೇಕಾದ ಉತ್ತರ.

ತಂದೆತಾಯಿಗಳಲ್ಲಿ ಒಂದು ಮಾತು. ಮಗ ಅಥವಾ ಮಗಳು ಕಾಲೇಜಿನಿಂದ ಬಂದಾಗ ‘ಎಷ್ಟು ಅಂಕ ಬಂತು?’ ಎಂದು ಅಗತ್ಯವಾಗಿ ಕೇಳಿರಿ. ಅದರೊಡನೆ ‘ಇಂದು ಲೆಕ್ಕಕ್ಕೆ ಸಿಗದೆ ಹೋದದ್ದು ಯಾವುದು?’ ಎಂದೂ ಕೇಳಿರಿ. ಆ ಎರಡನೆಯ ಪ್ರಶ್ನೆಗೆ ಮನೆಯಲ್ಲಿ ಮರ್ಯಾದೆ ದೊರೆತ ದಿನ, 940ನ್ನು 978 ಮಾಡುವ ಅವಸರ ಮಕ್ಕಳಿಗೆ ಉಳಿಯದು.