ಗೋಲುಗೆರೆಯ ಮೇಲೆ ಗುರ್‌ಪ್ರೀತ್: ಗೋಡೆಯೂ ಹೌದು, ಬಿರುಕೂ ಉಂಟು

2023ರ ಜುಲೈ 4ರ ರಾತ್ರಿ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್ 1-1ರಲ್ಲಿ ನಿಂತು ಪೆನಾಲ್ಟಿ ಶೂಟೌಟ್‌ಗೆ ಹೊರಳಿತ್ತು. ಐದೈದು ಒದೆತಗಳ ನಂತರವೂ ಸಮಬಲ. ಕುವೈತ್ ನಾಯಕ ಖಾಲಿದ್ ಹಾಜಿಯಾ ಒದ್ದ ಆರನೆಯ ಚೆಂಡನ್ನು ಗುರ್‌ಪ್ರೀತ್ ಸಿಂಗ್ ಸಂಧು ಜಿಗಿದು ತಡೆದರು. ಪ್ರಶಸ್ತಿ ಭಾರತದ ಪಾಲಾಯಿತು. ಮೂರು ದಿನಗಳ ಹಿಂದಷ್ಟೇ ಇದೇ ಅಂಗಳದ ಸೆಮಿಫೈನಲ್‌ನಲ್ಲಿ ಲೆಬನಾನ್ ತಂಡವೂ ಅವರೆದುರು ಶೂಟೌಟ್‌ನಲ್ಲಿ ಸೋತಿತ್ತು.

1992ರಲ್ಲಿ ಜನಿಸಿದ ಗುರ್‌ಪ್ರೀತ್ 2014ರಲ್ಲಿ ಈಸ್ಟ್ ಬೆಂಗಾಲ್ ತೊರೆದು ನಾರ್ವೆಯ ಸ್ತಾಬೆಕ್ ಕ್ಲಬ್ ಸೇರಿದರು. 2016ರಲ್ಲಿ ಯುರೋಪಾ ಲೀಗ್ ಅರ್ಹತಾ ಪಂದ್ಯವಾಡಿ, ಆ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯ ಎನಿಸಿದರು. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ ಅವರು 2018-19ರ ಐಎಸ್‌ಎಲ್ ಪ್ರಶಸ್ತಿ ಗೆದ್ದ ತಂಡದ ಕಾವಲುಗಾರರಾಗಿದ್ದರು. ಆ ಸಾಲಿನಲ್ಲೂ ಮರುವರ್ಷವೂ ಶ್ರೇಷ್ಠ ಗೋಲ್‌ಕೀಪರ್‌ಗೆ ಸಲ್ಲುವ ಗೋಲ್ಡನ್ ಗ್ಲೌವ್ ಅವರಿಗೇ ಒಲಿಯಿತು.

ಆರೂವರೆ ಅಡಿಯ ಸಮೀಪದ ಎತ್ತರ, ನೀಳ ತೋಳುಗಳು, ಕೊನೆಯ ಕ್ಷಣದವರೆಗೆ ಕದಲದೆ ಕಾಯುವ ಸಂಯಮ: ಇವು ಅವರ ಬಂಡವಾಳ. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಅಲೆಅಲೆಯಾಗಿ ದಾಳಿಯಿಟ್ಟರೂ ಗೋಲು ದಕ್ಕಲಿಲ್ಲ. ಸುನಿಲ್ ಚೆಟ್ರಿ ಇಲ್ಲದ ಆ ದಿನ ನಾಯಕರಾಗಿದ್ದವರೂ ಗುರ್‌ಪ್ರೀತ್. 0-0 ಡ್ರಾ ಅಂದು ಗೆಲುವಿಗೆ ಸಮನಾಗಿತ್ತು.

ಆದರೆ ಗೋಲುಗೆರೆಯ ಮೇಲಿನ ಈ ಖಚಿತತೆ, ಗೆರೆ ಬಿಟ್ಟು ಮುನ್ನುಗ್ಗಿದಾಗ ಸದಾ ಉಳಿಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅವರು ಎಸಗಿದ ಫೌಲ್‌ನಿಂದ ಸಿಕ್ಕ ಪೆನಾಲ್ಟಿಯೇ ಆಫ್ಘಾನಿಸ್ತಾನಕ್ಕೆ 2-1ರ ಜಯ ತಂದಿತು. ಅದೇ ನವೆಂಬರ್‌ನಲ್ಲಿ ಹೈದರಾಬಾದ್‌ನಲ್ಲಿ ಮಲೇಷ್ಯಾ ಎದುರು ಪೆಟ್ಟಿಗೆಯಿಂದ ಬಹುದೂರ ಓಡಿಬಂದು ಲೆಕ್ಕ ತಪ್ಪಿದರು. ಖಾಲಿ ಬಲೆಗೆ ಚೆಂಡು ಸೇರಿತು. 2025ರ ಮಾರ್ಚ್‌ನಲ್ಲಿ ಬಾಂಗ್ಲಾದೇಶದ ಎದುರು ಅವರ ಜಾಗದಲ್ಲಿ ವಿಶಾಲ್ ಕೈತ್ ನಿಂತರು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಖಾಲಿದ್ ಜಮೀಲ್ ಕೋಚ್ ಆದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಕಾಫಾ ನೇಷನ್ಸ್ ಕಪ್‌ನ ಮೂರನೇ ಸ್ಥಾನದ ಪಂದ್ಯದಲ್ಲಿ ಒಮಾನ್‌ನ ಕೊನೆಯ ಪೆನಾಲ್ಟಿಯನ್ನು ತಡೆದು ಭಾರತವನ್ನು ಗೆಲ್ಲಿಸಿದವರು ಇದೇ ಗುರ್‌ಪ್ರೀತ್.

ಪ್ರಶ್ನೆ ಇರುವುದು ಬೇರೆಡೆ. 2027ರ ಏಷ್ಯಾ ಕಪ್ ಅರ್ಹತಾ ಸುತ್ತಿನ ಮೊದಲ ನಾಲ್ಕು ಪಂದ್ಯಗಳಲ್ಲಿ ಭಾರತ ಗಳಿಸಿದ್ದು ಎರಡೇ ಗೋಲು. ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರದ ಎದುರು ಸೋತು ತಂಡ ಹೊರಬಿತ್ತು. ಗೋಲ್‌ಕೀಪರನ ಒಂದು ತಪ್ಪು ಪಂದ್ಯದ ಹಣೆಬರಹ ಬರೆಯುವುದು, ಅದನ್ನು ಅಳಿಸಬಲ್ಲ ಗೋಲುಗಳು ಎದುರು ತುದಿಯಲ್ಲಿ ಬಾರದಿದ್ದಾಗ. ಕೀಪರ್ ಸೋಲನ್ನು ತಪ್ಪಿಸಬಲ್ಲ. ತೊಂಬತ್ತು ನಿಮಿಷಗಳಲ್ಲಿ ಗೆಲ್ಲಲು ಗೋಲು ಹೊಡೆಯುವವರು ಬೇಕು. ಗುರ್‌ಪ್ರೀತ್ ಅವರ ಉತ್ತರಾಧಿಕಾರಿ ಯಾರೆಂದು ಕೇಳುವವರು ಚೆಟ್ರಿಯ ಉತ್ತರಾಧಿಕಾರಿ ಎಲ್ಲಿ ಎಂದೂ ಕೇಳಬೇಕು.