ರಕ್ತದ ನಂಟು, ರೇವಿನ ನಂಟು

ಇರಾಕಿನ ಕುರ್ದ್ ಪ್ರಾಂತಕ್ಕೆ ರಾಜಧಾನಿಯಾದ ಎರ್ಬಿಲ್ ಪಟ್ಟಣದಲ್ಲಿ, ಹೋಟೆಲುಗಳಲ್ಲಿಯೂ ಸಿರಿವಂತರ ಮನೆಗಳಲ್ಲಿಯೂ ಫಿಲಿಪೀನ್ಸ್ ದ್ವೀಪಗಳಿಂದ ಬಂದ ಹೆಂಗಸರು ದುಡಿಯುತ್ತಿರುವುದುಂಟು. ಅಂಥ ಮನೆಯ ಮಗುವೊಂದು ಬೆರಳು ಮಡಿಸಿ ಎಣಿಸುತ್ತ ಐದಕ್ಕೆ 'ಪೇಂಜ್' ಎಂದರೆ, ಅದನ್ನು ಆಡಿಸುವವಳ ತಾಯ್ನುಡಿಯಲ್ಲಿ ಅದೇ ಐದು 'ಲಿಮಾ'. ಒಂದು ಮಾತು ಇನ್ನೊಂದರ ನೆರಳನ್ನೂ ತುಳಿಯುವುದಿಲ್ಲ. ಕನ್ನಡಿಗನ ಕಿವಿಗಾದರೋ 'ಪೇಂಜ್' ಎಂಬುದು ಎಲ್ಲಿಯೋ ಕೇಳಿದಂತಿದೆ. ಪಂಚಪಾತ್ರೆ, ಪಂಚಾಂಗ, ಪಂಚಕಜ್ಜಾಯಗಳ ಪಂಚವೇ ಅದು.

ಈ ಹೋಲಿಕೆ ಆಕಸ್ಮಿಕವಲ್ಲ. ಕುರ್ದಿ ಭಾಷೆ ಇಂಡೋ-ಯುರೋಪಿಯನ್ ಮನೆತನದ ಇರಾನೀ ಕವಲಿಗೆ ಸೇರಿದ್ದು. ಪಾರ್ಸಿಗೆ ದಾಯಾದಿ, ಸಂಸ್ಕೃತಕ್ಕೆ ದೂರದ ಸೋದರಿ. ಅದರ ಮುಖ್ಯ ಪ್ರಭೇದವಾದ ಕುರ್ಮಾಂಜಿಯಲ್ಲಿ ಹೆಸರಿಗೆ 'ನಾವ್', ಸೋದರನಿಗೆ 'ಬಿರಾ', ಕುದುರೆಗೆ 'ಹೆಸ್ಪ್', ಕೈಗೆ 'ದೆಸ್ತ್' ಎನ್ನುತ್ತಾರೆ. ನಾಮ, ಭ್ರಾತೃ, ಅಶ್ವ, ಹಸ್ತಗಳು ವೇಷ ಮರೆಸಿಕೊಂಡು ನಿಂತಂತಿದೆ. ಸಂಸ್ಕೃತದ ಸಕಾರ ಇರಾನೀ ನುಡಿಗಳಲ್ಲಿ ಅನೇಕ ಕಡೆ ಹಕಾರವಾಗುತ್ತದೆ. ಸಪ್ತ 'ಹೆಫ್ತ್' ಆದುದು ಹೀಗೆ. ಇಂಥ ವ್ಯತ್ಯಾಸವು ಒಂದು ನಿಯಮಕ್ಕೆ ಕಟ್ಟುಬಿದ್ದು ನಡೆಯುವುದೇ ರಕ್ತಸಂಬಂಧದ ಗುರುತು.

ಇನ್ನು ಫಿಲಿಪಿನೋ ಭಾಷೆಯತ್ತ ತಿರುಗಿದರೆ ಇನ್ನೂ ದೊಡ್ಡ ಸೋಜಿಗ ಕಾದಿದೆ. ಅಲ್ಲಿ ಉಪಾಧ್ಯಾಯನಿಗೆ 'ಗುರೋ', ಮುಖಕ್ಕೆ 'ಮುಖಾ', ಆಸೆಗೆ 'ಆಸಾ', ವನದೇವತೆಗೆ 'ದಿವಾತಾ'! ಕುರ್ದಿಯಲ್ಲಿ ಮಸುಕಾಗಿದ್ದುದು ಇಲ್ಲಿ ಕನ್ನಡಿಯಲ್ಲಿ ಕಂಡಷ್ಟು ನಿಚ್ಚಳ. ಹಾಗಾದರೆ ಸಂಸ್ಕೃತಕ್ಕೆ ಇದೇ ಹತ್ತಿರದ ನಂಟೇ? ಅಲ್ಲ. ಫಿಲಿಪಿನೋ ಆಸ್ಟ್ರೋನೇಷ್ಯನ್ ಮನೆತನದ ನುಡಿ; ಮಲಯ, ಜಾವಾ, ದೂರದ ಹವಾಯಿಯ ಭಾಷೆಗಳು ಅದರ ಬಂಧುಗಳು. ಎಣಿಕೆಯನ್ನು ಕೇಳಿದೊಡನೆ ಗುಟ್ಟು ಬಯಲಾಗುತ್ತದೆ: ಇಸಾ, ದಲವಾ, ತತ್ಲೋ, ಆಪತ್, ಲಿಮಾ. ಗುರುವೂ ಮುಖವೂ ಅಲ್ಲಿಗೆ ಹಡಗೇರಿ ಬಂದ ಅತಿಥಿಗಳು, ಬಹುಮಟ್ಟಿಗೆ ಮಲಯ ಮತ್ತು ಜಾವಾದ ರೇವುಗಳ ಮೂಲಕ ಇಳಿದವು.

ಅದಕ್ಕೆ ಸಾಕ್ಷಿಯಾಗಿ ಒಂದು ತಾಮ್ರದ ತಗಡೇ ಉಳಿದಿದೆ. ಲುಸೋನ್ ದ್ವೀಪದ ಲಗೂನಾ ಪ್ರಾಂತದಲ್ಲಿ ದೊರೆತ ಈ ಶಾಸನದ ಕಾಲ ಶಕವರ್ಷ 822, ಎಂದರೆ ಕ್ರಿ.ಶ. 900. ಡಚ್ ವಿದ್ವಾಂಸ ಆಂತೂನ್ ಪೋಸ್ಟ್ಮಾ ಅದನ್ನು ಓದಿ ಅರ್ಥಮಾಡಿದರು. ಸಾಲವೊಂದು ತೀರಿತೆಂಬ ಪತ್ರವದು, ಕವಿ ಲಿಪಿಯಲ್ಲಿ ಬರೆದ ಹಳೆಯ ಮಲಯ ನುಡಿ. ಅದು ಆರಂಭವಾಗುವುದು 'ಸ್ವಸ್ತಿ' ಎಂದು. ಮುಂದೆ ಶಕವರ್ಷ, ವೈಶಾಖ ಮಾಸ. ರಾಷ್ಟ್ರಕೂಟರ ನಾಡಿನಲ್ಲಿ ಅದೇ ಕಾಲಕ್ಕೆ ಕಲ್ಲು ಕೊರೆಯುತ್ತಿದ್ದವನು ಅದನ್ನು ನೋಡಿದ್ದರೆ ಮೊದಲ ಪದಕ್ಕೇ ತಲೆದೂಗುತ್ತಿದ್ದನು.

ನಿಜಕ್ಕೆ ಕನ್ನಡದ ಪಾಡೂ ಫಿಲಿಪಿನೋದ ಪಾಡೇ. ಒಂದು, ಎರಡು, ಮೂರು ಎಂದು ಎಣಿಸುವ ದ್ರಾವಿಡ ನುಡಿಯಲ್ಲಿಯೂ ಗುರು, ಮುಖ, ಆಸೆಗಳು ಹೊರಗಿನಿಂದ ಬಂದವುಗಳೇ. ಬಹುಕಾಲ ಉಳಿದು ಮನೆಯವರೇ ಆಗಿಬಿಟ್ಟವು. ಈ ಪಂಕ್ತಿಯಲ್ಲಿ ಕನ್ನಡದ ಪಕ್ಕದ ಎಲೆ ಫಿಲಿಪಿನೋದ್ದು, ಕುರ್ದಿಯದಲ್ಲ.

ವ್ಯಾಕರಣದಲ್ಲಿಯೂ ಎರಡರ ದಾರಿ ಬೇರೆ. ಕುರ್ಮಾಂಜಿಯಲ್ಲಿ 'ನಾನು ಸೇಬು ತಿಂದೆ' ಎನ್ನಲು 'ಮಿನ್ ಸೇವ್ ಖ್ವಾರ್'. ಸೇಬು ಹಲವಾದರೆ 'ಖ್ವಾರಿನ್'. ತಿಂದವನು ಒಬ್ಬನೇ ಆದರೂ ಕ್ರಿಯಾಪದ ಸೇಬುಗಳ ಲೆಕ್ಕ ಹಿಡಿಯುತ್ತದೆ. ಹಿಂದಿಯ 'ನೇ' ಪ್ರತ್ಯಯದೊಡನೆ ಹೆಣಗಿದವರಿಗೆ ಇದು ಹೊಸತಲ್ಲ. ಫಿಲಿಪಿನೋದಲ್ಲಿ 'ಕಾಯಿನ್' ಎಂದರೆ ತಿನ್ನುವುದು. ತಿಂದವನ ಮೇಲೆ ಗಮನವಿದ್ದರೆ 'ಕುಮಾಯಿನ್'. ತಿಂದ ಮೀನಿನ ಮೇಲಾದರೆ 'ಕಿನಾಯಿನ್'. ಊಟಮಾಡಿದ ತಟ್ಟೆಯ ಮೇಲಾದರೆ 'ಕಿನಾಯಿನನ್'. ಪ್ರತ್ಯಯವು ಪದದ ಹೊಟ್ಟೆಯೊಳಗೇ ಹೊಕ್ಕು ಕೂರುವ ಈ ಚಮತ್ಕಾರ ಕುರ್ದಿಗೆ ತಿಳಿಯದು.

ಇವೆಲ್ಲ ಪಂಡಿತರ ವಿಚಾರ. ಆ ನುಡಿಗಳನ್ನಾಡುವ ಜನರ ಪಾಲಿಗೆ ಮುಖ್ಯವಾದುದು ರಾಜ್ಯಾಶ್ರಯದ ಸಂಗತಿ. ಕುರ್ದರು ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋದವರು. ಅವರ ಮೊದಲ ಪತ್ರಿಕೆ 'ಕುರ್ದಿಸ್ತಾನ್' 1898ರಲ್ಲಿ ಹೊರಟದ್ದು ಕೈರೋದಿಂದ. ಜಲಾದತ್ ಬೆದಿರ್‌ಖಾನ್ 1932ರಲ್ಲಿ 'ಹಾವಾರ್' ಪತ್ರಿಕೆಯ ಮೂಲಕ ಕುರ್ಮಾಂಜಿಗೆ ರೋಮನ್ ಅಕ್ಷರಮಾಲೆ ಕೊಟ್ಟದ್ದು ಡಮಾಸ್ಕಸ್ಸಿನಲ್ಲಿ. ಇರಾಕಿನ ಸೊರಾನಿ ಪ್ರಭೇದ ಅರಬ್ಬೀ ಮೂಲದ ಲಿಪಿಯಲ್ಲಿಯೇ ಉಳಿಯಿತು. ಹೀಗಾಗಿ ಒಬ್ಬ ಕುರ್ದನ ಕಾಗದವನ್ನು ಇನ್ನೊಬ್ಬ ಕುರ್ದ ಓದಲಾರದಿರುವುದುಂಟು. ತುರ್ಕಿಯಲ್ಲಂತೂ 1983ರ ಕಾನೂನು ಕುರ್ದಿಯಲ್ಲಿ ಅಚ್ಚುಹಾಕುವುದನ್ನೇ ತಡೆಯಿತು. ಅದು ರದ್ದಾದದ್ದು 1991ರಲ್ಲಿ. ತುರ್ಕಿ ವರ್ಣಮಾಲೆಯಲ್ಲಿಲ್ಲದ ಕ್ಯೂ, ಡಬ್ಲ್ಯೂ, ಎಕ್ಸ್ ಎಂಬ ಮೂರು ಅಕ್ಷರಗಳು ಬಂದರೆ ಮಗುವಿನ ಹೆಸರನ್ನೇ ದಾಖಲೆಗೆ ಸೇರಿಸುತ್ತಿರಲಿಲ್ಲ. ಮಗನಿಗೆ ಅಜ್ಜನ ಹೆಸರಿಡಲೂ ಅಕ್ಷರದ ಅಪ್ಪಣೆ ಬೇಕಾಯಿತು! 2014ರಲ್ಲಿ ಆ ಅಕ್ಷರಗಳ ಮೇಲಿನ ದಂಡನೆ ತೊಲಗಿತು. ಇರಾಕಿನಲ್ಲಿ ಮಾತ್ರ 2005ರ ಸಂವಿಧಾನ ಕುರ್ದಿಯನ್ನು ಅರಬ್ಬಿಯ ಸರಿಸಮಕ್ಕೆ ಕೂರಿಸಿತು.

ಫಿಲಿಪಿನೋ ಸಿಂಹಾಸನವೇರಿದ ನುಡಿ. ಅಧ್ಯಕ್ಷ ಮಾನುಯೆಲ್ ಕೆಸೋನ್ 1937ರಲ್ಲಿ ರಾಷ್ಟ್ರಭಾಷೆಗೆ ಮನಿಲಾ ಸುತ್ತಲಿನ ತಗಾಲೊಗ್ ನುಡಿಯನ್ನು ಬುನಾದಿಯಾಗಿ ಸಾರಿದರು. 1959ರಲ್ಲಿ ಅದಕ್ಕೆ 'ಪಿಲಿಪಿನೋ' ಎಂದು ಹೆಸರಾಯಿತು. 1987ರ ಸಂವಿಧಾನ 'ಫಿಲಿಪಿನೋ' ಎಂದು ಸ್ಥಿರಪಡಿಸಿತು. ಆದರೆ ಆ ದ್ವೀಪಗಳಲ್ಲಿ ನೂರಕ್ಕೂ ಮಿಕ್ಕ ನುಡಿಗಳಿವೆ. ಸೆಬು ದ್ವೀಪದ ಸೆಬುವಾನೋ ಆಡುವವರೇ ಕೋಟಿಗೂ ಹೆಚ್ಚು. ಮನಿಲಾದ ಮಾತು ತಮ್ಮ ತಲೆಯ ಮೇಲೇಕೆ ಎಂದು ಅವರು ಕೇಳುತ್ತ ಬಂದಿದ್ದಾರೆ. ಆರಂಭದ ತರಗತಿಗಳಲ್ಲಿ ಮನೆಮಾತಿನಲ್ಲಿಯೇ ಪಾಠವೆಂಬ ಏರ್ಪಾಡು 2012ರಲ್ಲಿ ದೇಶದಾದ್ಯಂತ ಜಾರಿಗೆ ಬಂದಿತ್ತು. 2024ರ ಅಕ್ಟೋಬರಿನಲ್ಲಿ ಹೊಸ ಕಾನೂನೊಂದು ಆ ಕಡ್ಡಾಯವನ್ನು ತೆಗೆದು, ಬೋಧನೆಯನ್ನು ಮತ್ತೆ ಫಿಲಿಪಿನೋ ಮತ್ತು ಇಂಗ್ಲಿಷಿಗೆ ಒಪ್ಪಿಸಿತು. ಸೆಬುವಾನೋ ನುಡಿಯಲ್ಲಿ ಉಪಾಧ್ಯಾಯನಿಗೆ 'ಮಗ್‌ತುತುದ್ಲೋ' ಎಂಬ ಅಚ್ಚ ದೇಶೀ ಪದವಿದೆ. 'ತುದ್ಲೋ' ಎಂದರೆ ಬೆರಳು, ಬೆರಳು ಮಾಡಿ ತೋರುವುದು, ಕಲಿಸುವುದು. ಸೆಬುವಿನ ಮಗು ಫಿಲಿಪಿನೋ ಪಾಠದಲ್ಲಿ ಅದರ ಬದಲು ಓದುವ ಪದ 'ಗುರೋ'.