ಔಷಧಕ್ಕೆ ಜಗ್ಗದ ಕಳೆ: ಹರಿಯಾಣದ ಪಾಠ ನಮಗೂ ಬೇಕು

ಕಳೆ ಕೀಳಲು ಕೂಲಿಯಾಳುಗಳು ಸಿಗದ ಇಂದಿನ ದಿನಗಳಲ್ಲಿ ರೈತನಿಗೆ ಕಳೆನಾಶಕವೇ ಆಸರೆ. ಆ ಆಸರೆಯೂ ಕೈಕೊಟ್ಟರೆ ಏನಾದೀತು ಎಂಬುದಕ್ಕೆ ಹರಿಯಾಣ ಮತ್ತು ಪಂಜಾಬಿನ ಗೋಧಿ ಹೊಲಗಳು ಮೂರು ದಶಕಗಳಿಂದ ಸಾಕ್ಷಿಯಾಗಿವೆ. ಕಳೆನಾಶಕವನ್ನು ತಾಳಿಕೊಳ್ಳುವ ಬಾಸ್ಮತಿ ಭತ್ತದ ತಳಿಗಳು ಬಿಡುಗಡೆಯಾದ ಹಿನ್ನೆಲೆಯಲ್ಲಿ ಆ ಅನುಭವವನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯ.

ಫಲಾರಿಸ್ ಮೈನರ್ ಎಂಬ ಹುಲ್ಲನ್ನು ಅಲ್ಲಿನ ರೈತರು ‘ಗುಲ್ಲಿ ದಂಡಾ’ ಅಥವಾ ‘ಮಂಡೂಸಿ’ ಎನ್ನುತ್ತಾರೆ. ಎಳೆಯದಿದ್ದಾಗ ಗೋಧಿಯ ಪೈರನ್ನೇ ಹೋಲುವ ಇದನ್ನು ಕೈಯಿಂದ ಕೀಳುವುದು ಕಷ್ಟ. ಹಾಗಾಗಿ ಐಸೋಪ್ರೊಟ್ಯುರಾನ್ ಎಂಬ ಒಂದೇ ಕಳೆನಾಶಕವನ್ನು ವರ್ಷಾನುಗಟ್ಟಲೆ ಸಿಂಪಡಿಸಲಾಯಿತು. 1990ರ ದಶಕದ ಆರಂಭದಲ್ಲಿ ಹಿಸಾರ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಲ್ಲು ನಿರೋಧಕ ಶಕ್ತಿ ಗಳಿಸಿರುವುದನ್ನು ಗುರುತಿಸಿದರು. ತೀವ್ರ ಬಾಧೆಯಿದ್ದ ಕಡೆ ರೈತರು ಕಾಳು ಬಲಿಯುವ ಮೊದಲೇ ಗೋಧಿಯನ್ನು ಮೇವಿಗಾಗಿ ಕೊಯ್ಯಬೇಕಾಯಿತು.

ಇದರಲ್ಲಿ ನಿಗೂಢವಾದದ್ದೇನೂ ಇಲ್ಲ. ಲಕ್ಷಾಂತರ ಗಿಡಗಳಲ್ಲಿ ಬೆರಳೆಣಿಕೆಯಷ್ಟು ಗಿಡಗಳಿಗೆ ವಿಷವನ್ನು ಜೀರ್ಣಿಸಿಕೊಳ್ಳುವ ಗುಣ ಸಹಜವಾಗಿಯೇ ಇರುತ್ತದೆ. ಸಿಂಪಡಣೆಯಿಂದ ಉಳಿದವು ಸತ್ತರೆ, ಇವು ಮಾತ್ರ ಬೀಜ ಉದುರಿಸುತ್ತವೆ. ಪ್ರತಿವರ್ಷ ಅದೇ ಔಷಧ ಬಳಸಿದಾಗ ಹೊಲ ಅವುಗಳ ಪಾಲಾಗುತ್ತದೆ.

1997-98ರ ಹೊತ್ತಿಗೆ ಕ್ಲೋಡಿನಾಫಾಪ್, ಸಲ್ಫೋಸಲ್ಫ್ಯುರಾನ್ ಮುಂತಾದ ಹೊಸ ಕಳೆನಾಶಕಗಳನ್ನು ಶಿಫಾರಸು ಮಾಡಲಾಯಿತು. ಇಳುವರಿಯೇನೋ ಚೇತರಿಸಿಕೊಂಡಿತು. ಆದರೆ ಭತ್ತ-ಗೋಧಿಯ ಸರದಿ ಬದಲಾಗಲಿಲ್ಲ. ಕಾಲಕ್ರಮದಲ್ಲಿ ಹುಲ್ಲು ಇವುಗಳಿಗೂ ಜಗ್ಗದಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಕಬ್ಬು, ಸೂರ್ಯಕಾಂತಿ ಹಾಗೂ ಬರ್ಸೀಮ್ ಮೇವನ್ನು ಸರದಿಯಲ್ಲಿ ಬೆಳೆದ ಹೊಲಗಳಲ್ಲಿ ಸಮಸ್ಯೆ ಕಡಿಮೆಯಿತ್ತು. ಉಳುಮೆಯಿಲ್ಲದೆ ಬೇಗನೆ ಗೋಧಿ ಬಿತ್ತಿದಲ್ಲಿಯೂ ಹುಲ್ಲಿನ ಮೊಳಕೆ ತಗ್ಗಿತು.

ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಬಾಸ್ಮತಿ 1979 ಮತ್ತು 1985 ತಳಿಗಳು ಕುಲಾಂತರಿಗಳಲ್ಲ. ಇಮಾಜೆಥಾಪಿರ್ ಸಿಂಪಡಿಸಿದರೂ ಅವು ಬದುಕುತ್ತವೆ. ನಾಟಿಯಿಲ್ಲದೆ ನೇರ ಬಿತ್ತನೆ ಮಾಡಲು ಇದರಿಂದ ಅನುಕೂಲ. ನೀರು, ಕೂಲಿ ಎರಡೂ ಉಳಿಯುತ್ತವೆ. ಆದರೆ ಇಮಾಜೆಥಾಪಿರ್ ಮತ್ತು ಸಲ್ಫೋಸಲ್ಫ್ಯುರಾನ್ ಎರಡೂ ಸಸ್ಯದ ಒಂದೇ ಕಿಣ್ವದ ಮೇಲೆ ದಾಳಿ ಮಾಡುತ್ತವೆ ಎಂಬುದನ್ನು ಮರೆಯಲಾಗದು. ಅಮೆರಿಕದಲ್ಲಿ 2002ರಲ್ಲಿ ಇಂಥದೇ ಭತ್ತ ಬಂದ ಬಳಿಕ, ಪರಾಗಸ್ಪರ್ಶದ ಮೂಲಕ ಆ ಗುಣ ಕಾಡುಭತ್ತಕ್ಕೂ ದಾಟಿತು. ಬೆಳೆಯ ರಕ್ಷಣೆಗೆಂದು ಕೊಟ್ಟ ಕವಚವನ್ನು ಕಳೆಯೇ ತೊಟ್ಟುಕೊಂಡಿತು.

ಇದು ಉತ್ತರ ಭಾರತದ ಸಮಸ್ಯೆ ಎಂದು ಕರ್ನಾಟಕ ಸುಮ್ಮನಿರುವಂತಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೇರ ಬಿತ್ತನೆಯ ಭತ್ತ ಬೇರೂರಿದೆ. ಸೋಯಾಅವರೆ ಬೆಳೆಗಾರರಿಗೆ ಇಮಾಜೆಥಾಪಿರ್ ಹೊಸದೇನಲ್ಲ. ಅಂಗಡಿಯವನು ಕೊಟ್ಟ ಡಬ್ಬಿಯನ್ನೇ ನೆಚ್ಚಿಕೊಂಡ ರೈತ ಹೆಸರು ಬದಲಾದರೆ ಔಷಧವೂ ಬದಲಾಯಿತೆಂದು ಭಾವಿಸುವುದು ಸಹಜ. ಬದಲಾಗಬೇಕಾದದ್ದು ಹೆಸರಲ್ಲ, ಔಷಧ ಕೆಲಸ ಮಾಡುವ ವಿಧಾನ. ಆಸ್ಟ್ರೇಲಿಯಾದಲ್ಲಿ ಆ ಗುಂಪನ್ನು ಡಬ್ಬಿಯ ಮೇಲೆಯೇ ನಮೂದಿಸಲಾಗುತ್ತದೆ. ನಮ್ಮಲ್ಲಿಯೂ ಅದನ್ನು ಕನ್ನಡದಲ್ಲಿ ಮುದ್ರಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಬೆಳೆ ಸರದಿಗೆ ಬೆಲೆಯ ಭರವಸೆ, ರೈತ ಸಂಪರ್ಕ ಕೇಂದ್ರಗಳಲ್ಲಿ ತಿಳಿವಳಿಕೆ ಇವೂ ಜೊತೆಗೂಡಬೇಕು. ಔಷಧ ಸೋತ ಮೇಲೆ ಹೊಸದನ್ನು ಹುಡುಕುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದು ಅಗ್ಗ ಎಂಬುದೇ ಹರಿಯಾಣದ ಪಾಠ.